ಬರಿಮೈಯ ಮರಿಗಳು

೧೨ ಜೂನ್ ೧೯೯೪, ವಡೋದರಾ

ಮಗಳು ಚೈತ್ರಾಳ ಪಂಜರದ ಹ್ಯಾಮ್‌ಸ್ಟರ್ ಇಲಿ ಮರಿ ಹಾಕಿ ಹತ್ತು ದಿನವಾಗಿರಬಹುದು. ಎಲ್ಲ ಮರಿಗಳಿಗೂ ಕಂದು ಕೂದಲು ಬಂದಿದೆ, ಎರಡನ್ನು ಬಿಟ್ಟು. ಅವೆರಡು ಹುಟ್ಟಿದಾಗ ಹೇಗಿದ್ದವೋ ಹಾಗೇ ಇವೆ. ಗುಲಾಬಿ ಬಣ್ಣ, ಕುತ್ತಿಗೆಯ ಹತ್ತಿರ ಸುಕ್ಕು, ಸುರುಳಿಯಾದ ಮೀಸೆ. ಚೈತ್ರಾ ಕಾಯಿಲೆ ಎಂದುಕೊಂಡು ಅತ್ತಳು. ಕಾಯಿಲೆಯಲ್ಲ ಎಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು.

ತಾಯಿಗೂ ತಂದೆಗೂ ತುಂಬು ಕೂದಲಿದೆ. ಆದರೆ ಇಬ್ಬರ ಒಳಗೂ ಕೂದಲಿಲ್ಲದ ಗುಣದ ಒಂದೊಂದು ಪಾಲು ಅಡಗಿ ಕೂತಿತ್ತು. ಒಂದು ಪಾಲು ಬಂದ ಮರಿಗೆ ಏನೂ ಆಗುವುದಿಲ್ಲ, ಅದು ಸುಮ್ಮನೆ ಹೊತ್ತುಕೊಂಡು ತಿರುಗುತ್ತದೆ. ಎರಡೂ ಪಾಲು ಬಂದದ್ದರ ಮೈ ಬೋಳು. ಅಂಗಡಿಯ ಚೀಟಿಯ ಹಿಂದೆ ನಾಲ್ಕು ಮನೆಯ ಚೌಕ ಬರೆದು, ಯಾವ ಮರಿಗೆ ಯಾವ ಪಾಲು ಎಂದು ಲೆಕ್ಕ ಹಾಕಿ ನೋಡಿದೆ. ಕುಂದಾಪುರದ ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುವುದು ಬಿಟ್ಟ ಮೇಲೆ ಇದನ್ನು ಬರೆದೇ ಇರಲಿಲ್ಲ. ಮದುವೆ, ನಾಗಪುರ, ಭೋಪಾಲ, ಈಗ ಈ ಕಾರೇಲಿಬಾಗ್. ಆದರೂ ಕೈ ಮರೆತಿಲ್ಲ.

ಇವರು ಬ್ಯಾಂಕಿನಿಂದ ಬಂದ ಮೇಲೆ ತೋರಿಸಿದೆ. "ಪಾಪ, ಚಳಿಗಾಲದಲ್ಲಿ ಎಂತ ಮಾಡ್ತವೆ?" ಎಂದರು. ಚೌಕವನ್ನು ನೋಡಲಿಲ್ಲ.

೧೯ ಜೂನ್

ರಮಣೀಕ್‌ಭಾಯಿಯನ್ನು ಕರೆಸಿದ್ದೆ. ಇಲ್ಲಿಯ ಮಾಂಡವಿ ಪೇಟೆಯಲ್ಲಿ ಮೀನು, ಗಿಳಿ ಮಾರುವವರು. ನಮ್ಮ ಜೋಡಿಯನ್ನು ಕೊಟ್ಟವರೂ ಅವರೇ. ಬೋಳು ಮರಿಯನ್ನು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಬೆನ್, ಇದು ಹೊಸ ಜಾತಿ. ಇಡೀ ಗುಜರಾತಿನಲ್ಲಿ ಇಲ್ಲ."

"ಜಾತಿ ಅಲ್ಲ, ಒಂದು ಗುಣ ಅಷ್ಟೇ. ಬೇಕೆಂದರೆ ಮತ್ತೆ ಬರಿಸಬಹುದು."

"ಬರಿಸಬಹುದೇ? ಯಾವಾಗ ಬೇಕಾದರೂ?"

ಹೇಗೆ ಎಂದು ವಿವರಿಸಿದೆ. ಅವರಿಗೆ ಅರ್ಧ ಅರ್ಥವಾಯಿತು. ಹೊರಡುವಾಗ ನನ್ನನ್ನು "ಪ್ರೊಫೆಸರ್ ಬೆನ್" ಎಂದರು. ಬೆನ್ ಎಂದರೆ ಇಲ್ಲಿ ಅಕ್ಕ. ಮೆಟ್ಟಿಲ ಮೇಲೆ ಎದುರಾದ ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಹಸಮುಖ್‌ಭಾಯಿಗೂ ಹಾಗೇ ಹೇಳಿದರಂತೆ.

ಮೊದಲ ಜೋಡಿಯನ್ನು ಮತ್ತೆ ಕೂಡಿಸಿದ್ದೇನೆ. ಈ ಬೋಳು ಗಂಡು ಹೆಣ್ಣು ದೊಡ್ಡವಾದ ಮೇಲೆ ಅವನ್ನೂ ಕೂಡಿಸಬೇಕು. ಆಗ ಹುಟ್ಟುವುದೆಲ್ಲ ಬೋಳೇ ಆಗಬೇಕು.

೭ ಆಗಸ್ಟ್

ಎರಡನೆಯ ಸಲದ ಮರಿಗಳಲ್ಲಿಯೂ ಬೋಳು ಬಂದಿದ್ದವು. ಇವತ್ತು ಅವುಗಳಲ್ಲಿ ಒಂದು ಜೋಡಿಯನ್ನು ರಮಣೀಕ್‌ಭಾಯಿ ತೆಗೆದುಕೊಂಡು ಹೋದರು. ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಬಂಗಲೆ ಕಟ್ಟಿಸಿರುವ ಸೇಠ್ ಒಬ್ಬರಿಗೆ. ನರೋಡಾದಲ್ಲಿ ಬಣ್ಣದ ಕಾರ್ಖಾನೆಯಂತೆ, ಮಗಳಿಗೆ ಉಡುಗೊರೆಯಂತೆ. ಕಂದು ಬಣ್ಣದ ಮರಿಗಳನ್ನೂ ಅಂಗಡಿಗೆ ಒಯ್ದರು.

ಚೈತ್ರಾ ಶಾಲೆಯಿಂದ ಬಂದವಳು ಪಂಜರ ನೋಡಿ, "ಅಮ್ಮ, ವೋ ದೋನೋ ನನ್ನದಿತ್ತು. ನೀನು ಕೇಳಿದ್ದಿಲ್ಲ" ಎಂದಳು. ಇನ್ನೂ ಹುಟ್ಟುತ್ತವಲ್ಲ ಎಂದೆ. ಇವಳ ಕನ್ನಡ ದಿನೇ ದಿನೇ ಕೆಡುತ್ತಿದೆ. ಮನೆಯಲ್ಲಾದರೂ ಸರಿಯಾಗಿ ಮಾತಾಡಿಸಬೇಕು.

ನಮ್ಮಲ್ಲೇ ಉಳಿದಿರುವ ಮೊದಲ ಸಲದ ಬೋಳು ಹೆಣ್ಣಿಗೆ ಟಾಲ್ಕಿ ಎಂದು ಹೆಸರಿಟ್ಟಿದ್ದಾಳೆ. ಟಾಲ್ ಎಂದರೆ ಗುಜರಾತಿಯಲ್ಲಿ ಬೋಳುತಲೆ. ನಾನು ಹೆಣ್ಣು-೧ ಎಂದೇ ಬರೆದುಕೊಳ್ಳುತ್ತಿದ್ದೇನೆ.

೨೭ ಆಗಸ್ಟ್

ಹೆಣ್ಣು-೧ ಮರಿ ಹಾಕಿತು. ಗಂಡೂ ಬೋಳು, ಹೆಣ್ಣೂ ಬೋಳು. ಚೌಕದ ನಾಲ್ಕು ಮನೆಯಲ್ಲೂ ಒಂದೇ ಉತ್ತರ. ಕೂದಲು ಬರುವ ಹೊತ್ತಿಗೆ ತಿಳಿಯುತ್ತದೆ.

೨೯ ಆಗಸ್ಟ್

ಎಲ್ಲವೂ ಸತ್ತವು. ಕೆಲವನ್ನು ತಾಯಿಯೇ ತಿಂದಿತು. ಎಳೆ ಮರಿಯ ಚರ್ಮದೊಳಗಿಂದ ಹೊಟ್ಟೆಯಲ್ಲಿನ ಹಾಲು ಬೆಳ್ಳಗೆ ಕಾಣಬೇಕು, ಕಂಡಿರಲಿಲ್ಲ. ಮೊದಲ ಹೆರಿಗೆ, ಅನುಭವ ಸಾಲದು.

"ದೂಧ್ ಯಾಕೆ ಬರಲಿಲ್ಲ?" ಎಂದು ಚೈತ್ರಾ ಕೇಳಿದಳು. ಮುಂದಿನ ಸಲ ಬರುತ್ತದೆ ಎಂದೆ.

೫ ಸೆಪ್ಟೆಂಬರ್

ವಿಶ್ವವಿದ್ಯಾಲಯದ ಲೈಬ್ರರಿಗೆ ಹೋಗಿದ್ದೆ. ಪರಿಚಯದ ಪತ್ರವಿಲ್ಲದೆ ಒಳಗೆ ಬಿಡುವುದಿಲ್ಲ ಎಂದರು. ಇವರ ಬ್ಯಾಂಕಿನಲ್ಲಿ ಖಾತೆ ಇರುವ ಮೇಷ್ಟರೊಬ್ಬರ ಹೆಸರು ಹೇಳಿ ಹೋದೆ. ವಿಜ್ಞಾನ ಪತ್ರಿಕೆಯ ಹಳೆಯ ಸಂಚಿಕೆಯೊಂದರಲ್ಲಿ ಬೇಕಾದ್ದು ಸಿಕ್ಕಿತು. ಇಂಥ ಹೆಣ್ಣುಗಳಿಗೆ ಹಾಲು ಸರಿಯಾಗಿ ಇಳಿಯುವುದಿಲ್ಲ, ಮರಿಗಳು ಉಳಿಯುವುದು ಅಪರೂಪ ಎಂದು ಸ್ಪಷ್ಟವಾಗಿಯೇ ಬರೆದಿದ್ದಾರೆ. ಮೊದಲ ಹೆರಿಗೆ ಎರಡನೆಯ ಹೆರಿಗೆ ಎಂಬುದಿಲ್ಲ. ಆ ಗುಣದ ಜೊತೆಗೇ ಬರುವ ಕೊರತೆ.

ಉಪಾಯವೂ ಇದೆ. ಕೂದಲಿರುವ ಹೆಣ್ಣೊಂದು ಅದೇ ಸಮಯಕ್ಕೆ ಹೆತ್ತರೆ ಮರಿಗಳನ್ನು ಅದರ ಹತ್ತಿರ ಹಾಕಬಹುದು. ಎರಡನ್ನೂ ಒಂದೇ ದಿನ ಗಂಡಿನ ಜೊತೆ ಕೂಡಿಸಬೇಕು.

೯ ಸೆಪ್ಟೆಂಬರ್, ಚೌತಿ

ಕಡುಬು, ಪಂಚಕಜ್ಜಾಯ. ಚೈತ್ರಾ ಟಾಲ್ಕಿಯ ಪಂಜರವನ್ನು ಗಣಪತಿಯ ಮುಂದೆ ಇಟ್ಟಿದ್ದಳು. ಇವರು ನಕ್ಕರು.

ಹೆಣ್ಣು-೧ನ್ನೂ ಅದರ ತಾಯಿಯನ್ನೂ ಇವತ್ತು ಅವುಗಳ ಗಂಡುಗಳ ಜೊತೆ ಕೂಡಿಸಿದೆ. ಹೆಣ್ಣು-೧ರ ಬೆನ್ನ ಮೇಲೆ ಗಂಡು ಕಚ್ಚಿದ ಗಾಯವಿದೆ. ಕೂದಲಿದ್ದಿದ್ದರೆ ಹಲ್ಲು ಅಷ್ಟು ಇಳಿಯುತ್ತಿರಲಿಲ್ಲ. ಉಳಿದವುಗಳಿಗಿಂತ ಎರಡು ಪಟ್ಟು ತಿನ್ನುತ್ತದೆ, ಆದರೂ ದಪ್ಪಗಾಗುವುದಿಲ್ಲ. ತಿಂದದ್ದೆಲ್ಲ ಮೈ ಬೆಚ್ಚಗಿಟ್ಟುಕೊಳ್ಳುವುದಕ್ಕೇ ಖರ್ಚಾಗುತ್ತದೆ. ಫ್ಯಾನ್ ಹಾಕಿದರೆ ಮೂಲೆಗೆ ಹೋಗುತ್ತದೆ. ಮರದ ಹೊಟ್ಟು ಚರ್ಮಕ್ಕೆ ಚುಚ್ಚುತ್ತದೆಂದು ಹಳೆಯ ಮಸ್ಲಿನ್ ಪಂಚೆ ಹರಿದು ಹಾಕಿದ್ದೇನೆ.

೨೩ ಸೆಪ್ಟೆಂಬರ್

ಸೂರತ್‌ನಲ್ಲಿ ಪ್ಲೇಗ್. ಪೇಪರ್ ತುಂಬ ಅದೇ. ಇವರ ಅಣ್ಣ ಪದ್ಮನಾಭ ಭಾವ ಅಲ್ಲಿ ಸ್ಟೇಷನ್ ಹತ್ತಿರ ಹೋಟೆಲ್ ನಡೆಸುತ್ತಾರೆ. ಬೆಳಿಗ್ಗೆಯಿಂದ ಇವರು ಫೋನ್ ತಿರುಗಿಸುತ್ತಲೇ ಇದ್ದಾರೆ. ಲೈನ್ ಸಿಗುತ್ತಿಲ್ಲ.

೨೪ ಸೆಪ್ಟೆಂಬರ್

ಭಾವ, ಅವರ ಹೆಂಡತಿ ಜಯಕ್ಕ ಮಧ್ಯಾಹ್ನ ಬಂದರು. ರೈಲಿನಲ್ಲಿ ನಿಲ್ಲಲಿಕ್ಕೂ ಜಾಗವಿರಲಿಲ್ಲವಂತೆ. ಇಲ್ಲಿಯ ಸ್ಟೇಷನ್ನಿನಲ್ಲಿ ಡಾಕ್ಟರುಗಳು ಸಾಲಾಗಿ ನಿಲ್ಲಿಸಿ ನೋಡಿ, ಟೆಟ್ರಾಸೈಕ್ಲಿನ್ ಮಾತ್ರೆ ಕೊಟ್ಟು ಬಿಟ್ಟಿದ್ದಾರೆ. ದೋಸೆ ಹಿಟ್ಟು ಗ್ರೈಂಡರಿನಲ್ಲೇ ಬಿಟ್ಟು ಬಂದೆವು ಎಂದು ಭಾವ ಎರಡು ಮೂರು ಸಲ ಹೇಳಿದರು. ಕೆಲಸದವರೆಲ್ಲ ಮೊದಲೇ ಓಡಿಹೋಗಿದ್ದರು.

ಜಯಕ್ಕ ನೇರ ಬಚ್ಚಲಿಗೆ ಹೋದರು. ಸ್ನಾನ ಮಾಡಿ ಒಳಗೆ ಬಂದವರು ಪಂಜರ ನೋಡಿ ಬಾಗಿಲಲ್ಲೇ ನಿಂತರು.

"ಎಂತ ಇದು ಇಂದಿರಾ?"

"ಹ್ಯಾಮ್‌ಸ್ಟರ್, ಅಕ್ಕ. ಚೈತ್ರಾಳದು."

"ಇಲಿಯೇ ಅಲ್ವಾ? ನಮ್ಮ ಅಡುಗೆಮನೆಯ ಹಿಂದೆ ಸತ್ತು ಬಿದ್ದದ್ದನ್ನು ನೋಡಿ ಓಡಿ ಬಂದವರು ನಾವು. ನೀನು ಮನೆ ಒಳಗೆ ಸಾಕ್ತಾ ಇದ್ದೀಯಲ್ಲ."

ಪಂಜರಗಳನ್ನು ಸ್ನಾನದ ಕೋಣೆಯ ಪಕ್ಕದ ಬಾಲ್ಕನಿಗೆ ಒಯ್ದೆ. ಜಯಕ್ಕ ನಡುಮನೆಯಲ್ಲಿ ಮಲಗಿದ್ದಾರೆ.

೨೫ ಸೆಪ್ಟೆಂಬರ್

ಎಲ್ಲವನ್ನೂ ಬರೆದಿಡುತ್ತೇನೆ.

ಬೆಳಿಗ್ಗೆ ಎರಡೂ ಹೆಣ್ಣುಗಳು ಹೆತ್ತಿದ್ದವು. ನೋಡುತ್ತಿರುವಾಗಲೇ ಹಸಮುಖ್‌ಭಾಯಿ ಬಂದರು, ಜೊತೆಗೆ ಮೇಲಿನ ಮನೆಯವರು ಇಬ್ಬರು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದರು. ಸೂರತ್‌ನಿಂದ ಬಂದವರನ್ನು ಮೆಟ್ಟಿಲ ಹತ್ತಿರ ಕರೆಯಿರಿ ಎಂದರು. ಜ್ವರ ನೋಡಬೇಕಂತೆ. ಭಾವನ ಬಾಯಲ್ಲಿ ಥರ್ಮಾಮೀಟರ್ ಇಟ್ಟರು, ಆಮೇಲೆ ಜಯಕ್ಕನ ಬಾಯಲ್ಲಿ. ಅಕ್ಕಪಕ್ಕದ ಬಾಗಿಲುಗಳೆಲ್ಲ ಒಂದು ಗೇಣು ತೆರೆದಿದ್ದವು. ಹಸಮುಖ್‌ಭಾಯಿ ತೋಳು ಉದ್ದ ಚಾಚಿ, ಕೊಳವೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದಿದ್ದರು. ಜಯಕ್ಕ ಸೆರಗು ಹೊದ್ದು ಕಣ್ಣು ಮುಚ್ಚಿ ನಿಂತಿದ್ದರು. ಜ್ವರವಿರಲಿಲ್ಲ. ಥರ್ಮಾಮೀಟರನ್ನು ಅವರೆದುರಿಗೇ ಕಸದ ಡಬ್ಬಕ್ಕೆ ಹಾಕಿದರು.

ಆಮೇಲೆ ನನಗೆ ಹೇಳಿದರು, "ಮನುಷ್ಯರನ್ನು ಕಳಿಸಿ ಎನ್ನುವುದಿಲ್ಲ. ಆದರೆ ಇಲಿಗಳು ಸಂಜೆಯ ಹೊತ್ತಿಗೆ ಇಲ್ಲಿ ಇರಬಾರದು. ಇದ್ದರೆ ಮುನಿಸಿಪಾಲಿಟಿಯವರನ್ನು ಕರೆಸುತ್ತೇನೆ. ಅವರು ಬಂದರೆ ನಿಮ್ಮ ನೆಂಟರನ್ನೂ ಆಸ್ಪತ್ರೆಗೆ ಒಯ್ಯುತ್ತಾರೆ."

ಪ್ಲೇಗ್ ಹರಡುವುದು ಬೀದಿ ಇಲಿಯ ಚಿಗಟದಿಂದ, ಇವು ಹುಟ್ಟಿದಂದಿನಿಂದ ಮನೆಯ ಹೊರಗೆ ಹೋಗಿಲ್ಲ ಎಂದೆ. ಬೋಳು ಮೈಯಲ್ಲಿ ಚಿಗಟ ಅಡಗಲಿಕ್ಕೂ ಜಾಗವಿಲ್ಲ ಎಂದೆ. ಅವರು ನನ್ನ ಮಾತು ಕೇಳುತ್ತಿರಲಿಲ್ಲ, ಅವುಗಳನ್ನು ಮುಟ್ಟಿದ ನನ್ನ ಕೈಯನ್ನು ನೋಡುತ್ತಿದ್ದರು.

ಇವರು ಮೆಲ್ಲನೆ ಹೇಳಿದರು, "ಅಣ್ಣನನ್ನು ಕಳಿಸ್ಲಿಕ್ಕೆ ಆಗುದಿಲ್ಲ ಇಂದಿರಾ."

ಗೊತ್ತು ಎಂದೆ.

ರಮಣೀಕ್‌ಭಾಯಿ ಇಟ್ಟುಕೊಳ್ಳಬಹುದೇನೋ ಎಂದು ಫೋನ್ ಮಾಡಿದೆ. ಅವರು ಅಂಗಡಿ ಮುಚ್ಚಿದ್ದರು. ಮಾರ್ಕೆಟ್ಟಿನವರು ಬಂದು ಗಲಾಟೆ ಮಾಡಿದರಂತೆ. ನಿನ್ನೆಯೇ ತಮ್ಮಲ್ಲಿದ್ದ ಹ್ಯಾಮ್‌ಸ್ಟರುಗಳನ್ನೆಲ್ಲ ಮುಳುಗಿಸಿಬಿಟ್ಟಿದ್ದಾರೆ, ನಾನು ಕೊಟ್ಟ, ಇನ್ನೂ ಒಂದೂ ಮಾರಾಗಿರದ ಕಂದು ಮರಿಗಳನ್ನೂ. "ಒಂದು ಬಕೆಟ್ ಸಾಕು ಬೆನ್. ಬೇಗ ಆಗುತ್ತದೆ" ಎಂದರು. ಅವರ ದನಿ ಸರಿಯಿರಲಿಲ್ಲ.

ಚೈತ್ರಾಳನ್ನು ಇವರ ಜೊತೆ ಔಷಧಿ ಅಂಗಡಿಗೆ ಕಳಿಸಿದೆ. ಬಕೆಟ್ ತುಂಬಿಸಿದೆ. ಮೊದಲು ಹೆಣ್ಣು-೧ರ ಪಂಜರ ತಂದು ನೀರಿನ ಪಕ್ಕದಲ್ಲಿಟ್ಟೆ. ಅದು ಮರಿಗಳನ್ನು ಹೊಟ್ಟೆಯ ಕೆಳಗೆ ಎಳೆದುಕೊಂಡು ಮಲಗಿತ್ತು. ಮರಿಗಳು ಬಾಯಿ ಹಾಕಿ ಚೀಪುತ್ತಿದ್ದವು, ಬಿಡುತ್ತಿದ್ದವು, ಇನ್ನೊಂದು ಕಡೆ ಹುಡುಕುತ್ತಿದ್ದವು. ಅದು ಮತ್ತೆ ಎಳೆದುಕೊಳ್ಳುತ್ತಿತ್ತು. ನಾನು ಪಂಜರದ ಬಾಗಿಲು ತೆಗೆದು ಕೂತೇ ಇದ್ದೆ.

ಜಯಕ್ಕ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

"ಅದಕ್ಕೆ ಹಾಲಿಲ್ಲ" ಎಂದರು.

"ಇಲ್ಲ ಅಕ್ಕ. ಇವುಗಳಿಗೆ ಬರುವುದಿಲ್ಲ."

"ಕೂದಲು ಯಾಕಿಲ್ಲ?"

"ಹುಟ್ಟಿದ್ದೇ ಹಾಗೆ. ಇದೂ ಇದರ ಗಂಡೂ ಒಂದೇ ಸೂಲಿನ ಮರಿಗಳು. ನಾನೇ ಕೂಡಿಸಿದ್ದು."

"ಹಾಲು ಬರುವುದಿಲ್ಲ ಅಂತ ಗೊತ್ತಿತ್ತಾ?"

"ಈ ಸಲ ಗೊತ್ತಿತ್ತು."

ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಕೂತರು. ಸ್ವಲ್ಪ ಹೊತ್ತಿನ ಮೇಲೆ ಒಂದು ಬೆರಳು ಚಾಚಿ ಅದರ ಬೆನ್ನು ಮುಟ್ಟಿದರು. "ಎಷ್ಟು ಬಿಸಿ ಉಂಟು. ಇದಕ್ಕೂ ಜ್ವರ ನೋಡ್ಬೇಕಾ ಅವರಿಗೆ?" ಎಂದರು. ಅವರೇ ಬಕೆಟ್ ಎತ್ತಿ ನೀರನ್ನು ಮೋರಿಗೆ ಸುರಿದರು.

ಪಂಜರಗಳನ್ನು ಸ್ನಾನದ ಕೋಣೆಯ ಅಟ್ಟದ ಮೇಲೆ, ಹಳೆಯ ಹಾಸಿಗೆಯ ಹಿಂದೆ ಇಟ್ಟೆವು. ಸಂಜೆ ಹಸಮುಖ್‌ಭಾಯಿ ಬಂದಾಗ ಬಾಗಿಲು ತೆಗೆದವರು ಜಯಕ್ಕ. ಸೂರತ್‌ನಲ್ಲಿ ಇಷ್ಟು ವರ್ಷ ಇದ್ದು ಕಲಿತ ಗುಜರಾತಿಯಲ್ಲಿ, "ನಾನೇ ಮುಳುಗಿಸಿದೆ. ನೋಡಬೇಕಿದ್ದರೆ ಒಳಗೆ ಬನ್ನಿ" ಎಂದರು. ಅವರು ಒಳಗೆ ಬರಲಿಲ್ಲ.

ಕೂದಲಿರುವ ತಾಯಿಯ ಹಾಸಿಗೆಯ ಬಟ್ಟೆಯಿಂದ ಬೋಳು ತಾಯಿಯ ಮರಿಗಳನ್ನು ಒರೆಸಿ, ವಾಸನೆ ಹತ್ತಿಸಿ, ಅದರ ಮರಿಗಳ ನಡುವೆ ಸೇರಿಸಿದೆ. ಜಯಕ್ಕ ಟಾರ್ಚ್ ಹಿಡಿದಿದ್ದರು.

೨೮ ಸೆಪ್ಟೆಂಬರ್

ಯಾರಿಗೂ ಜ್ವರವಿಲ್ಲ. ಶಾಲೆಗೆ ರಜೆ. ಸೇರಿಸಿದ ಮರಿಗಳಲ್ಲಿ ಕೆಲವು ಹೋದವು. ಮೂರು ಉಳಿದಿವೆ, ಹೊಟ್ಟೆಯಲ್ಲಿ ಹಾಲು ಬೆಳ್ಳಗೆ ಕಾಣುತ್ತದೆ. ಟಾಲ್ಕಿ ತನ್ನ ಪಂಜರದ ಬಟ್ಟೆಯನ್ನೆಲ್ಲ ಕೆದರಿ ಹುಡುಕುತ್ತಿದ್ದಾಳೆ. ಚೈತ್ರಾಳಿಗೆ ಎಲ್ಲವನ್ನೂ ಹೇಳಿದೆ, ಬಕೆಟ್ಟಿನ ವಿಷಯವನ್ನೂ.

೧೬ ಅಕ್ಟೋಬರ್

ಭಾವ, ಜಯಕ್ಕ ಸೂರತ್‌ಗೆ ವಾಪಸ್ ಹೋದರು. ಹೋಟೆಲ್ ತೊಳೆದು ತೆರೆಯಬೇಕು. ಇವರು ಸ್ಟೇಷನ್ನಿಗೆ ಬಿಟ್ಟು ಬಂದರು.

ಹೊರಡುವ ಮೊದಲು ಜಯಕ್ಕ ಅಟ್ಟದ ಹತ್ತಿರ ಹೋಗಿ ಇಣುಕಿದರು. ಈಗಲೂ ಹೇಸಿಗೆಯೇ ಅವರಿಗೆ, ಅದನ್ನು ಮುಚ್ಚಿಡುವುದಿಲ್ಲ. "ಇನ್ನು ಇವನ್ನು ಮರಿ ಹಾಕಿಸ್ಬೇಡ ಮಾರಾಯ್ತಿ" ಎಂದರು. ನೋಡುವ ಎಂದೆ. ಗಂಡುಗಳನ್ನೆಲ್ಲ ಬೇರೆ ಪಂಜರಕ್ಕೆ ಹಾಕಿದ್ದೇನೆ. ಸದ್ಯಕ್ಕೆ.

೨೦ ನವೆಂಬರ್, ಅಹಮದಾಬಾದ್

ಇವರಿಗೆ ಇಲ್ಲಿ ಬ್ಯಾಂಕಿನ ತರಬೇತಿ. ವಸ್ತ್ರಾಪುರದಲ್ಲಿ ಇವರ ಸಹೋದ್ಯೋಗಿ ಮಾಧವ ಅವರ ಮನೆಯಲ್ಲಿ ಇಳಿದಿದ್ದೇವೆ. ಬೋಡಕ್‌ದೇವ್ ಹತ್ತಿರವೇ. ರಮಣೀಕ್‌ಭಾಯಿ ಹೇಳಿದ್ದ ವಿಳಾಸ ಹಿಡಿದು ಚೈತ್ರಾಳನ್ನು ಕರೆದುಕೊಂಡು ಹೋದೆ. ಆ ಜೋಡಿ ಹೇಗಿದೆ ಎಂದು ನೋಡಬೇಕೆನಿಸಿತ್ತು.

ಸೇಠಾಣಿ ಒಳ್ಳೆಯವರು. ಚಹಾ, ಹಪ್ಪಳದಂಥ ಖಾಖ್ರಾ ಕೊಟ್ಟರು. ಪ್ಲೇಗಿನ ಸಮಯದಲ್ಲಿ ಎಲ್ಲರೂ ಕೊಂದುಬಿಡಿ ಎಂದರೂ ಡ್ರೈವರನ ಕೋಣೆಯಲ್ಲಿ ಬಚ್ಚಿಟ್ಟಿದ್ದರಂತೆ. ಈಗ ಮಗಳ ಏಸಿ ಕೋಣೆಯಲ್ಲಿದ್ದವು. ಒಂದೇ ಪಂಜರ, ಕೆಳಗೆ ಒರಟು ಹೊಟ್ಟು. ಗಂಡಿನ ಒಂದು ಕಿವಿ ಅರ್ಧ ಇರಲಿಲ್ಲ. ಹೆಣ್ಣಿನ ಕಣ್ಣು ಅಂಟಿಕೊಂಡಿತ್ತು. ರೆಪ್ಪೆಯ ಕೂದಲಿಲ್ಲದ ಕಣ್ಣು, ಹೊಟ್ಟಿನ ಧೂಳೆಲ್ಲ ಒಳಗೇ ಹೋಗುತ್ತದೆ. ಬೆನ್ನಿನ ಚರ್ಮ ಒಡೆದು ಕೆಂಪಗಾಗಿತ್ತು. ಅದರ ಮೇಲೆ ಪರಿಮಳದ ಪೌಡರ್.

"ದಿನಾ ಸ್ನಾನ ಮಾಡಿಸಿ ಪೌಡರ್ ಹಾಕುತ್ತೇವೆ" ಎಂದರು. "ಆದರೆ ಇದು ಕೆಟ್ಟ ತಾಯಿ, ಬೆನ್. ಪ್ರತಿ ಸಲವೂ ಮರಿಗಳನ್ನು ತಿಂದುಬಿಡುತ್ತದೆ. ನನ್ನ ಮಗಳು ಈಗ ಇದನ್ನು ಮುಟ್ಟುವುದಿಲ್ಲ."

"ಕೆಟ್ಟ ತಾಯಿಯಲ್ಲ. ಅದಕ್ಕೆ ಹಾಲು ಬರುವುದಿಲ್ಲ. ಮರಿಗಳು ಹಸಿವಿನಿಂದ ಸಾಯುತ್ತವೆ, ಆಮೇಲೆ ತಿನ್ನುತ್ತದೆ. ನಾನು ಮೊದಲೇ ನಿಮಗೆ ತಿಳಿಸಬೇಕಿತ್ತು."

"ಔಷಧಿ ಇಲ್ಲವೇ?"

"ಇಲ್ಲ. ಹುಟ್ಟಿಸದೆ ಇರುವುದೊಂದೇ."

ನೀವೇ ಒಯ್ಯಿರಿ ಎಂದರು. ಎರಡನ್ನೂ ಕೊಟ್ಟರು. ಗಂಡನ್ನು ಬೇರೆ ಡಬ್ಬದಲ್ಲಿ ಹಾಕಿದೆ. ಹೆಣ್ಣು ನಡುಗುತ್ತಿತ್ತು, ಅದನ್ನು ಸ್ವೆಟರಿನ ಒಳಗೆ ಇಟ್ಟುಕೊಂಡೆ. ಆಟೋದಲ್ಲಿ ಚೈತ್ರಾ ನನ್ನ ತೋಳಿಗೆ ಒರಗಿ ಕೂತಿದ್ದಳು. ಬಹಳ ದಿನದ ಮೇಲೆ.

೧೮ ಡಿಸೆಂಬರ್, ವಡೋದರಾ

ರಮಣೀಕ್‌ಭಾಯಿ ಬಂದಿದ್ದರು. ಮತ್ತೆ ಅಂಗಡಿ ತೆರೆದಿದ್ದಾರೆ. ಪಂಜರಗಳು ನಮ್ಮ ಮೇಜಿನ ಮೇಲೇ ಇರುವುದನ್ನು ನೋಡಿ ಆಶ್ಚರ್ಯಪಟ್ಟರು. "ಇವು ಉಳಿದವೇ?" ಎಂದು ಬಗ್ಗಿ ನೋಡಿದರು, ಮತ್ತೆ ಮತ್ತೆ ನೋಡಿದರು. ಬಕೆಟ್ಟಿನ ಮಾತು ಇಬ್ಬರೂ ಎತ್ತಲಿಲ್ಲ.

ಬೊಂಬಾಯಿಯ ಒಬ್ಬರು ಬೋಳು ಜೋಡಿಗಳನ್ನು ಕೇಳುತ್ತಿದ್ದಾರಂತೆ.

"ಇಲ್ಲ ರಮಣೀಕ್‌ಭಾಯಿ. ಇನ್ನು ಹಾಕಿಸುವುದಿಲ್ಲ."

"ಹಾಗಾದರೆ ಕಂದು ಬಣ್ಣದವನ್ನು ಕೊಡಿ. ಅವು ಚೆನ್ನಾಗಿಯೇ ಇವೆಯಲ್ಲ."

"ಅವುಗಳ ಒಳಗೂ ಇದೆ. ಮೇಲೆ ಕಾಣುವುದಿಲ್ಲ. ಎರಡು ಸೇರಿದರೆ ಮತ್ತೆ ಬೋಳು ಹುಟ್ಟುತ್ತದೆ."

"ಯಾರೋ ಒಬ್ಬರು ಮಾಡಿಯೇ ಮಾಡುತ್ತಾರೆ, ಪ್ರೊಫೆಸರ್ ಬೆನ್."

"ಮಾಡಬಹುದು. ನನ್ನವುಗಳಿಂದ ಬೇಡ."

ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. ಚಹಾ ಕುಡಿದು ಹೋದರು. ಇನ್ನು ಬರಲಾರರು.

ಅವರು ಹೋದ ಮೇಲೆ ಯೋಚಿಸಿದೆ. ಅವರ ಅಂಗಡಿಯಲ್ಲಿದ್ದವು ಮುಳುಗಿಹೋದವು. ಬೋಡಕ್‌ದೇವ್‌ನವು ಇಲ್ಲಿಗೆ ಬಂದಿವೆ. ನಾನು ಹೊರಗೆ ಕಳಿಸಿದ್ದರಲ್ಲಿ ಈಗ ಹೊರಗೆ ಉಳಿದದ್ದು ಯಾವುದೂ ಇಲ್ಲ. ಇವು ಒಂದೊಂದಾಗಿ ತಮ್ಮ ಆಯುಷ್ಯ ಮುಗಿಸಿದರೆ ಅಲ್ಲಿಗೆ ಆಯಿತು.

ಚಳಿ ಹೆಚ್ಚಿದೆ. ಪಂಜರದ ಮೇಲೆ ಬಲ್ಬ್ ಕಟ್ಟಿದ್ದೇವೆ, ಸುತ್ತ ಕಂಬಳಿ. ಬೋಡಕ್‌ದೇವ್‌ನವಳ ಕಣ್ಣು ತೆರೆದಿದೆ. ಜಯಕ್ಕ ಫೋನಿನಲ್ಲಿ ಮೊದಲು ಚೈತ್ರಾಳನ್ನು ಕೇಳುತ್ತಾರೆ, ಆಮೇಲೆ "ಆ ಬೋಳುಗಳು ಉಂಟಾ?" ಎನ್ನುತ್ತಾರೆ. ಉಂಟು ದೊಡ್ಡಮ್ಮ, ಎನ್ನುತ್ತಾಳೆ ಚೈತ್ರಾ.

೧೪ ಜನವರಿ ೧೯೯೫

ಉತ್ತರಾಯಣ. ಊರೆಲ್ಲ ಮಾಳಿಗೆಯ ಮೇಲೆ. ನಾವೂ ಹೋಗಿದ್ದೆವು. ಹಸಮುಖ್‌ಭಾಯಿ ಚೈತ್ರಾಳಿಗೆ ಗಾಳಿಪಟ ಹಿಡಿದುಕೊಟ್ಟರು, ನನಗೆ ಚಿಕ್ಕಿ ಕೊಟ್ಟರು. ಹ್ಯಾಮ್‌ಸ್ಟರುಗಳು ಸೆಪ್ಟೆಂಬರಿನಲ್ಲಿಯೂ ನಮ್ಮ ಮನೆಯಲ್ಲೇ ಇದ್ದವು ಎಂದು ಹೇಳಿದೆ. ಗೊತ್ತಿತ್ತು, ಮರುದಿನವೇ ನಿಮ್ಮ ಕಸದಲ್ಲಿ ಅವು ತಿಂದ ಸೂರ್ಯಕಾಂತಿ ಬೀಜದ ಸಿಪ್ಪೆ ನೋಡಿದ್ದೆ ಎಂದರು. ಆಮೇಲೆ ಇಬ್ಬರೂ ಆಕಾಶ ನೋಡುತ್ತ ನಿಂತೆವು.

೫ ಫೆಬ್ರವರಿ

ನಾಳೆಯಿಂದ ಶಾಲೆ. ಚೈತ್ರಾಳ ಶಾಲೆಯಲ್ಲಿ ಬಯಾಲಜಿಗೆ ಟೀಚರ್ ಬೇಕೆಂದು ಕೇಳಿದ್ದರು, ಒಪ್ಪಿಕೊಂಡಿದ್ದೇನೆ. ಹತ್ತನೆಯ ತರಗತಿ. ಮೊದಲ ಪಾಠವೇ ಅನುವಂಶೀಯತೆ.

"ಟಾಲ್ಕಿಯನ್ನು ಕ್ಲಾಸಿಗೆ ಒಯ್ಯುತ್ತೀಯಾ ಅಮ್ಮ? ಎಲ್ಲರಿಗೂ ಬೇಗ ಅರ್ಥ ಆಗುತ್ತದೆ" ಎಂದು ಚೈತ್ರಾ ಕೇಳಿದಳು.

ಅರ್ಥವಾಗುತ್ತದೆ, ನಿಜ. ಆದರೆ ಇಡೀ ತರಗತಿ ಮುಟ್ಟುತ್ತದೆ, ಅವಳಿಗೆ ಚಳಿಯಾಗುತ್ತದೆ. ಮನೆಗೆ ಹೋಗುವಾಗ ನಾಲ್ಕು ಮಕ್ಕಳಾದರೂ ಇಂಥದೇ ಬೇಕು ಎನ್ನುತ್ತಾರೆ. ಟಾಲ್ಕಿ ನನ್ನ ಹಳೆಯ ಸ್ವೆಟರಿನ ತೋಳಿನೊಳಗೆ ಮಲಗಿದ್ದಾಳೆ, ಎಬ್ಬಿಸುವುದಿಲ್ಲ.

ಸಂಜೆ ಮಾರ್ಕೆಟ್ಟಿನಿಂದ ಬಟಾಣಿ ತಂದಿದ್ದೇನೆ, ಹಸಿರು ಒಂದಿಷ್ಟು, ಹಳದಿ ಒಂದಿಷ್ಟು. ಈ ವಿದ್ಯೆ ಶುರುವಾದದ್ದೇ ಬಟಾಣಿ ಬಳ್ಳಿಯಿಂದ. ನಾಳೆಗೆ ಬಟಾಣಿ ಸಾಕು.